ಕೆಲಗೇರಿ ಕೆರೆಯ ಮೇಲೊಂದು ಬಾಣ: ಡಿಜಿಟಲ್ ಬೆಳಕಿನ ಅನಿಮೇಶನ್, ಪರೀಕ್ಷೆಗೆ ಮುಖ್ಯಾಂಶಗಳು

ದೃಶ್ಯಕಲೆ ಅಥವಾ ಅನಿಮೇಶನ್ ಡಿಪ್ಲೊಮಾ ಓದುವವರಿಗೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಪಟಾಕಿ, ದೀಪ, ಮಿಂಚು ಬಂದರೆ ಕೈ ಮೊದಲು ಹೋಗುವುದು ಹೊಳೆಯುವ ಬ್ರಶ್ಶಿನ ಕಡೆಗೆ. ಅಂಕ ಜಾರುವುದೂ ಅಲ್ಲಿಯೇ. ನನಗೆ ಚಿತ್ರ ಕಲಿಸಿದ ಮೇಷ್ಟ್ರು ಒಬ್ಬರು ಹಾಳೆ ನೋಡಿದ ಕೂಡಲೇ ಕೇಳುತ್ತಿದ್ದರು: “ಎಲ್ಲಾ ಕಡೆ ಬೆಳಕ ಹಚ್ಚೀದಿ, ಇನ್ನ ಬೆಳಕ ಎಲ್ಲಿ ಕಾಣಬೇಕಪಾ?” ಆಗ ಬಣ್ಣ ನೀರಿನದು, ಈಗ ಪಿಕ್ಸೆಲ್‌ನದು. ಪ್ರಶ್ನೆ ಮಾತ್ರ ಅದೇ.

ಇಲ್ಲಿ ಹಿಡಿದುಕೊಂಡ ಮಾದರಿ ಪ್ರಶ್ನೆ: ಧಾರವಾಡದ ಕೆಲಗೇರಿ ಕೆರೆಯ ಏರಿಯ ಮೇಲೆ ನಿಂತು ನೋಡಿದ ದೀಪಾವಳಿ ರಾತ್ರಿ, ಆಚೆ ದಂಡೆಯಿಂದ ಏರುವ ಒಂದೇ ಬಾಣ, 5 ಸೆಕೆಂಡ್, ಸೆಕೆಂಡಿಗೆ 24 ಫ್ರೇಮ್. ಅಂದರೆ ಒಟ್ಟು 120 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ 60 ಚಿತ್ರ ಸಾಕು.

ಸ್ಥಳ

• ಕೆಲಗೇರಿ ಧಾರವಾಡದ ಪಶ್ಚಿಮ ಅಂಚಿನ ಊರು, ಈಗ ಹುಬ್ಬಳ್ಳಿ-ಧಾರವಾಡ ಮಹಾನಗರದ ಒಳಗೇ ಇದೆ. ಊರಿನ ಕೆರೆ ಒಂದು ಕಾಲಕ್ಕೆ ಧಾರವಾಡಕ್ಕೆ ಕುಡಿಯುವ ನೀರು ಕೊಟ್ಟದ್ದು; ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಇದರ ಜೊತೆ ಸೇರಿಕೊಂಡಿದೆ.
• ಚಿತ್ರಗಾರನಿಗೆ ಇಲ್ಲಿ ಸಿಗುವ ಅನುಕೂಲ ಮೂರು: ಅಗಲವಾದ ನೀರು, ಆಚೆ ದಂಡೆಯಲ್ಲಿ ತಗ್ಗಿನ ಮರಗಳ ಸಾಲು, ಮೇಲೆ ಅಡ್ಡಿಯಿಲ್ಲದ ಆಕಾಶ. ನೀರಿನ ಮೇಲೆ ಆಗಾಗ ಹಬ್ಬುವ ಅಂತರಗಂಗೆ ಕಳೆ ಊರಿಗೆ ತಲೆನೋವು. ಚಿತ್ರಕ್ಕೆ ಅದೂ ಉಪಯೋಗಕ್ಕೆ ಬರುತ್ತದೆ. ಪ್ರತಿಬಿಂಬದ ಭಾಗದಲ್ಲಿ ಮತ್ತೆ ನೋಡೋಣ.

ಮೊದಲು ಕತ್ತಲೆ

ಪರದೆಯಲ್ಲಿ ಅತಿ ಬೆಳಕು ಎಂದರೆ 255. ಅದಕ್ಕಿಂತ ಹೆಚ್ಚು ಬೆಳಕನ್ನು 8 ಬಿಟ್ ಚಿತ್ರ ಹಿಡಿದಿಡಲಾರದು. ಹೀಗಾಗಿ ಪಟಾಕಿಯನ್ನು ಇನ್ನಷ್ಟು ಬೆಳಗಿಸುವ ದಾರಿ ಮುಚ್ಚಿದೆ. ತೆರೆದಿರುವ ದಾರಿ ಸುತ್ತಲಿನದನ್ನು ಕುಗ್ಗಿಸುವುದು. ಆಕಾಶ, ಮರ, ನೀರು ಮೂರೂ ಸೇರಿ ಬೆಳಕಿನ ಅಳತೆಯ ಕೆಳಗಿನ ಕಾಲು ಭಾಗದಲ್ಲೇ ಇರಬೇಕು. ಮೇಲಿನ ಮುಕ್ಕಾಲು ಭಾಗ ಬಾಣಕ್ಕೆ ಮೀಸಲು.

ಆದರೆ ಆಕಾಶಕ್ಕೆ ಅಪ್ಪಟ ಕಪ್ಪು ಬಳಿಯಬಾರದು. ಕಾರಣ ಎರಡು. ಕಣ್ಣಿಗೆ ಅದು ರಾತ್ರಿಯಾಗಿ ಕಾಣುವುದಿಲ್ಲ, ತೂತಾಗಿ ಕಾಣುತ್ತದೆ. ಎರಡನೆಯದು ಲೆಕ್ಕದ ಕಾರಣ, ಅದು ಮುಂದಿನ ಭಾಗದಲ್ಲಿದೆ. ಕಡು ನೀಲಿ, ಅದರಲ್ಲಿ ಸ್ವಲ್ಪ ನೇರಳೆ, ದಂಡೆಯ ಹತ್ತಿರ ಊರ ದೀಪಗಳ ಮಂಕು ಕೆಂಪು — ಇಷ್ಟಿರಲಿ.

ಪ್ರಭೆಯ ರಚನೆ ನೆನಪಿಡಿ: ನಡುವೆ ಚಿಕ್ಕ ಬಿಳಿ ತಿರುಳು, ಅದರ ಅಂಚಿನಲ್ಲಿ ಗಾಢ ಬಣ್ಣ, ಹೊರಗೆ ಕರಗುತ್ತ ಹೋಗುವ ಮಬ್ಬು. ಕೆಂಪು ಬಾಣವೆಂದು ನಡುವಿನವರೆಗೂ ಕೆಂಪು ತುಂಬಿದರೆ ಅದು ಟಿಕಲಿಯಂತೆ ಕಾಣುತ್ತದೆ, ಉರಿಯುವುದಿಲ್ಲ. ತೀವ್ರ ಬೆಳಕು ಕ್ಯಾಮೆರಾದ ಮೂರೂ ಬಣ್ಣಗಳನ್ನು ತುಂಬಿಸಿ ಬೆಳ್ಳಗಾಗುತ್ತದೆ, ಬಣ್ಣ ಉಳಿಯುವುದು ಅಂಚಿನಲ್ಲಿ. ಮಬ್ಬಿಗೆ ಒಂದೇ ಗಾಸಿಯನ್ ಬ್ಲರ್ ಸಾಲದು. ಅದೇ ಚಿತ್ರದ ಮೂರು ಪ್ರತಿ ಮಾಡಿ 8, 24, 72 ಪಿಕ್ಸೆಲ್ ಹೀಗೆ ಮೂರು ಪಟ್ಟು ಹೆಚ್ಚಿಸುತ್ತ ಬ್ಲರ್ ಮಾಡಿ, ಒಪ್ಯಾಸಿಟಿ ಇಳಿಸುತ್ತ ಹೋದರೆ ಒಳಗೆ ಚೂಪು, ಹೊರಗೆ ಉದ್ದ ಬಾಲದ ಪ್ರಭೆ ಬರುತ್ತದೆ. ತಂತ್ರಾಂಶದ ‘ಬ್ಲೂಮ್’ ಗುಂಡಿಯೂ ಹೆಚ್ಚು ಕಡಿಮೆ ಇದನ್ನೇ ಮಾಡುತ್ತದೆ. ಗುಂಡಿ ಒತ್ತಿದ್ದಕ್ಕಿಂತ ಕೈಯಿಂದ ಮಾಡಿದ್ದನ್ನು ಬರೆದು ತೋರಿಸಿದರೆ ಪರೀಕ್ಷಕರು ಒಪ್ಪುತ್ತಾರೆ.

ಬ್ಲೆಂಡ್ ಮೋಡ್: ಲೆಕ್ಕ ಬಂದರೆ ಹೆಸರು ಯಾವುದಾದರೇನು

ಎರಡು ಲೇಯರುಗಳ ಬೆಲೆ ಬೆರೆಸುವ ಲೆಕ್ಕವೇ ಬ್ಲೆಂಡ್ ಮೋಡ್, ಇಡೀ ವಿಷಯದ ಬೆನ್ನೆಲುಬು. ಬೆಲೆಗಳನ್ನು 0ರಿಂದ 1ರವರೆಗೆ ತೆಗೆದುಕೊಳ್ಳಿ. ಕೆಳಗಿನ ಲೇಯರ್ 0.6, ಮೇಲಿನದು 0.5 ಇರಲಿ.

• ಮಲ್ಟಿಪ್ಲೈ: ಗುಣಾಕಾರ. 0.6 × 0.5 = 0.30. ಕಪ್ಪಾಗಿಸುತ್ತದೆ, ನೆರಳಿಗೆ ಸರಿ.
• ಸ್ಕ್ರೀನ್: ಎರಡರ ಉಳಿಕೆಗಳನ್ನು ಗುಣಿಸಿ 1ರಿಂದ ಕಳೆಯುವುದು. 1 − (0.4 × 0.5) = 0.80. ಎಂದೂ 1 ದಾಟುವುದಿಲ್ಲ, ಮೃದು ಪ್ರಭೆಗೆ ಸರಿ.
• ಆ್ಯಡ್: ಕೂಡಿಸುವುದು. 0.6 + 0.5 = 1.1, ಆದರೆ 1ಕ್ಕೆ ಕತ್ತರಿಸಿ ನಿಲ್ಲುತ್ತದೆ. ಬಿಳಿ ತಿರುಳು ತಾನಾಗಿ ಬರುವುದು ಇದರಿಂದ.
• ಕಲರ್ ಡಾಡ್ಜ್: ಕೆಳಗಿನದನ್ನು ಮೇಲಿನದರ ಉಳಿಕೆಯಿಂದ ಭಾಗಿಸುವುದು. 0.6 ÷ 0.5 = 1.2, ಇಲ್ಲಿಯೂ 1ಕ್ಕೆ ನಿಲುಗಡೆ. ಎಲ್ಲಕ್ಕಿಂತ ಉಗ್ರ.

ಮೇಲೆ ಬಾಕಿ ಇಟ್ಟ ಕಾರಣ ಈಗ ಹೇಳಬಹುದು. ಕಲರ್ ಡಾಡ್ಜ್‌ನಲ್ಲಿ ಕೆಳಗಿನ ಬೆಲೆ 0 ಇದ್ದರೆ, ಸೊನ್ನೆಯನ್ನು ಯಾವುದರಿಂದ ಭಾಗಿಸಿದರೂ ಸೊನ್ನೆಯೇ. ಅಪ್ಪಟ ಕಪ್ಪು ಆಕಾಶದ ಮೇಲೆ ಡಾಡ್ಜ್ ಪ್ರಭೆ ಕಾಣುವುದೇ ಇಲ್ಲ. “ಬ್ರಶ್ ಕೆಟ್ಟೇತ್ರಿ ಸರ್” ಎಂದು ಲ್ಯಾಬಿನಲ್ಲಿ ಕೈ ಎತ್ತುವವರಲ್ಲಿ ಅರ್ಧ ಜನರ ತೊಂದರೆ ಇದೇ. ಸ್ಕ್ರೀನ್ ಮತ್ತು ಆ್ಯಡ್ ಇದಕ್ಕೆ ಉಲ್ಟಾ: ಮೇಲಿನ ಲೇಯರಿನ ಕಪ್ಪು ಭಾಗ ಮಾಯವಾಗುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬರೆದ ಪಟಾಕಿಯನ್ನು ಹಿನ್ನೆಲೆ ಕತ್ತರಿಸದೆ ಹಾಗೇ ಕೂರಿಸಬಹುದು.

ಒಂದೇ ಲೆಕ್ಕಕ್ಕೆ ಹೆಸರು ಹಲವು. ಫೋಟೋಶಾಪ್‌ನಲ್ಲಿ ‘ಲೀನಿಯರ್ ಡಾಡ್ಜ್ (ಆ್ಯಡ್)’, ಕ್ರಿಟಾದಲ್ಲಿ ‘ಅಡಿಶನ್’, ಪ್ರೊಕ್ರಿಯೇಟ್‌ನಲ್ಲಿ ‘ಆ್ಯಡ್’ ಎಂದಿರುವುದು ಕೂಡಿಸುವ ಲೆಕ್ಕವೇ. ಕ್ಲಿಪ್ ಸ್ಟುಡಿಯೋದಲ್ಲಿ ‘ಆ್ಯಡ್ (ಗ್ಲೋ)’ ಎಂಬ ಇನ್ನೊಂದು ಬಗೆಯೂ ಇದೆ. ಮೆನು ಬಾಯಿಪಾಠ ಮಾಡುವ ಬದಲು ನಾಲ್ಕು ಲೆಕ್ಕ ಕಲಿತರೆ ಯಾವ ತಂತ್ರಾಂಶ ಎದುರಿಗಿಟ್ಟರೂ ಕೂತು ಕೆಲಸ ಮಾಡಬಹುದು.

ಸ್ವಲ್ಪ ಮೇಲಿನ ಮಟ್ಟದ ಪ್ರಶ್ನೆ, ಐದು ಅಂಕಕ್ಕೆ: ಪರದೆಯ ಸಂಖ್ಯೆ ಬೆಳಕಿನ ನೇರ ಅಳತೆಯಲ್ಲ. ಎಸ್‌ಆರ್‌ಜಿಬಿ ಪದ್ಧತಿಯಲ್ಲಿ 128 ಎಂದರೆ ಅರ್ಧ ಬೆಳಕಲ್ಲ, ಸುಮಾರು ಶೇ 21.6. ಎರಡು 128ರ ಕಿಡಿಗಳು ಒಂದರ ಮೇಲೊಂದು ಬಂದಾಗ ಸಂಖ್ಯೆಗಳನ್ನು ಹಾಗೇ ಕೂಡಿಸಿದರೆ 255ಕ್ಕೆ ಮುಟ್ಟಿ ಸುಟ್ಟುಹೋಗುತ್ತದೆ. ಬೆಳಕನ್ನೇ ಕೂಡಿಸಿದರೆ ಶೇ 43.2 ಬೆಳಕು, ಅದರ ಸಂಖ್ಯೆ 176 ಮಾತ್ರ. ಹೀಗೆ ಬೆಳಕಿನ ಲೆಕ್ಕದಲ್ಲಿ ಕೂಡಿಸುವುದನ್ನು ಲೀನಿಯರ್ ಬ್ಲೆಂಡಿಂಗ್ ಎನ್ನುತ್ತಾರೆ. ಕ್ರಿಟಾದಲ್ಲಿ 16 ಬಿಟ್, 32 ಬಿಟ್ ಫ್ಲೋಟ್ ಲೀನಿಯರ್ ಚಿತ್ರ ತೆರೆಯಬಹುದು. ಅಲ್ಲಿ 1ಕ್ಕೆ ಕತ್ತರಿ ಬೀಳುವುದಿಲ್ಲ, ಮಬ್ಬಿನಲ್ಲಿ ಪಟ್ಟೆಪಟ್ಟೆ ಗೆರೆಯೂ ಏಳುವುದಿಲ್ಲ.

ಬೆಲೆ ತೆರಬೇಕಾದದ್ದು ಮೆಮೊರಿಯಲ್ಲಿ. 1920 × 1080 ಅಳತೆಯ ಒಂದು ಲೇಯರ್, 8 ಬಿಟ್‌ನಲ್ಲಿ ಸುಮಾರು 8.3 ಎಂಬಿ, 16 ಬಿಟ್‌ನಲ್ಲಿ ಅದರ ಎರಡರಷ್ಟು. 8 ಬಿಟ್‌ನಲ್ಲೇ ಒಂದು ಲೇಯರಿನ 24 ಫ್ರೇಮ್‌ಗೆ 199 ಎಂಬಿ. ಹಳೆಯ ಕಂಪ್ಯೂಟರಿನಲ್ಲಿ ಕೂತವರು ಆಕಾಶ-ಮರ-ನೀರನ್ನು ಒಂದೇ ಸ್ಥಿರ ಲೇಯರ್ ಮಾಡಿ, ಬಾಣವನ್ನಷ್ಟೇ ಕದಲಿಸಲಿ.

ಬಾಣದ ನಡೆ

ಏರುವುದು ಎರಡು ಬಗೆ, ಇದನ್ನು ಕೇಳಿಯೇ ಕೇಳುತ್ತಾರೆ. ಕಡ್ಡಿಯ ರಾಕೆಟ್ಟಿಗೆ ಮದ್ದು ಉರಿಯುವಷ್ಟು ಹೊತ್ತು ಕೆಳಗಿನಿಂದ ತಳ್ಳುವ ಬಲ ಇರುತ್ತದೆ. ಅದು ನಿಧಾನ ಹೊರಟು ವೇಗ ಪಡೆಯುತ್ತದೆ. ಕೊಳವೆಯಿಂದ ಹಾರಿಸುವ ಗುಂಡು ಹೊರಟಾಗಲೇ ಅತಿ ವೇಗದಲ್ಲಿರುತ್ತದೆ, ಏರಿದಂತೆ ಸೋಲುತ್ತದೆ. ಮೊದಲನೆಯದಕ್ಕೆ ಫ್ರೇಮುಗಳ ಅಂತರ ಕೆಳಗೆ ಕಿರಿದು, ಮೇಲೆ ಹಿರಿದು. ಎರಡನೆಯದಕ್ಕೆ ತಿರುಗುಮುರುಗು. ಎರಡಕ್ಕೂ ಒಂದೇ ಅಂತರ ಹಾಕಿದರೆ ಲಿಫ್ಟು ಏರಿದಂತಾಗುತ್ತದೆ.

ಬೀಳುವುದಕ್ಕೆ ಗೆಲಿಲಿಯೋನ ಬೆಸಸಂಖ್ಯೆ ಸಾಕು: ನಿಂತಲ್ಲಿಂದ ಬೀಳುವ ವಸ್ತು ಸಮಾನ ಅವಧಿಗಳಲ್ಲಿ 1, 3, 5, 7 ಪಾಲು ದೂರ ಇಳಿಯುತ್ತದೆ. ಕಿಡಿ ಹಗುರ, ಗಾಳಿ ತಡೆಯುತ್ತದೆ. ಹೀಗಾಗಿ ಸ್ವಲ್ಪ ಹೊತ್ತಿನ ಮೇಲೆ ಅಂತರ ಹಿಗ್ಗುವುದು ನಿಂತು ಒಂದೇ ಸಮ ಇಳಿಯತೊಡಗುತ್ತದೆ.

ನಮ್ಮ 120 ಫ್ರೇಮ್ ಹಂಚಿಕೆ ಹೀಗಿರಲಿ. 1ರಿಂದ 22 ಏರಿಕೆ, ಮರದ ಹಿಂದಿನಿಂದ. 23 ಮತ್ತು 24 ಪೂರ್ತಿ ಕತ್ತಲೆ — ಬಾಣ ಆರಿಹೋಯಿತೇನೋ ಎನ್ನುವಷ್ಟು. ಈ ಎರಡು ಖಾಲಿ ಫ್ರೇಮ್ ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ, ಆದರೆ ಮುಂದಿನ ಸ್ಫೋಟದ ಅರ್ಧ ಬೆಳಕು ಇಲ್ಲಿಂದಲೇ ಬರುತ್ತದೆ. 25 ಒಂದೇ ಒಂದು ಬಿಳಿ ಮಿಂಚು, ಮರದ ಎಲೆಗಳೂ ಕಾಣುವಂತೆ. 26ರಿಂದ 36 ಹರಡುವಿಕೆ: ಮೊದಲ ಎರಡು ಫ್ರೇಮಿನಲ್ಲೇ ಅರ್ಧ ಅಗಲ ಮುಟ್ಟಿ, ಉಳಿದರ್ಧಕ್ಕೆ ಒಂಬತ್ತು ಫ್ರೇಮ್ ತೆಗೆದುಕೊಳ್ಳಬೇಕು. 37ರಿಂದ 48 ತೂಗಾಟ. 49ರಿಂದ 96 ಇಳಿಕೆ ಮತ್ತು ಆರಿಕೆ. ಕೊನೆಯ 24 ಫ್ರೇಮ್ ಹೊಗೆ.

ಆರುವ ಲೆಕ್ಕ: ಪ್ರತಿ ಫ್ರೇಮಿಗೂ ಸಮನಾಗಿ ಕಳೆಯಬೇಡಿ, ಹಿಂದಿನದರ ಶೇ 85 ಉಳಿಸಿ. 100, 85, 72, 61, 52, 44 ಹೀಗೆ ಇಳಿಯುತ್ತದೆ. 12 ಫ್ರೇಮಿಗೆ 14, 24 ಫ್ರೇಮಿಗೆ 2. ಮೊದಲು ಬೇಗ, ಆಮೇಲೆ ಬಿಡಲಾರದೆ ಬಿಟ್ಟಂತೆ. ಕಿಡಿಗಳೆಲ್ಲ ಒಂದೇ ಫ್ರೇಮಿನಲ್ಲಿ ಆರಬಾರದು. ಹತ್ತರಲ್ಲಿ ಎರಡು ಮೊದಲೇ ಹೋಗಲಿ, ಒಂದು ಹಟ ಹಿಡಿದು ಉಳಿಯಲಿ.

ಓನಿಯನ್ ಸ್ಕಿನ್ ಎಂದರೆ ಹಿಂದಿನ-ಮುಂದಿನ ಫ್ರೇಮುಗಳು ಈರುಳ್ಳಿ ಸಿಪ್ಪೆಯಂತೆ ಮಸುಕಾಗಿ ಕಾಣುವ ವ್ಯವಸ್ಥೆ. ಕೀಫ್ರೇಮ್ ಎಂದರೆ ಚಲನೆ ತಿರುವು ಪಡೆಯುವ ಮುಖ್ಯ ಚಿತ್ರ. ಇವೆರಡರ ವ್ಯಾಖ್ಯೆ ಒಂದೊಂದು ಅಂಕದ್ದು, ಹೆಚ್ಚು ಹೊತ್ತು ಬೇಡ.

ಬಣ್ಣದ ರಸಾಯನ

ಮದ್ದಿನ ಹಳೆಯ ಪಾಕ: ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10. ಬಣ್ಣ ಕೊಡುವುದು ಲೋಹದ ಲವಣಗಳು — ಸ್ಟ್ರಾನ್ಷಿಯಂ ಕೆಂಪು, ಕ್ಯಾಲ್ಸಿಯಂ ಕಿತ್ತಳೆ, ಸೋಡಿಯಂ ಹಳದಿ, ಬೇರಿಯಂ ಹಸಿರು, ತಾಮ್ರ ನೀಲಿ. ನೀಲಿ ಎಲ್ಲಕ್ಕಿಂತ ಕಷ್ಟ: ಉರಿಯ ಬಿಸಿ ಹೆಚ್ಚಾದರೆ ನೀಲಿ ಸೂಸುವ ತಾಮ್ರದ ಸಂಯುಕ್ತವೇ ಒಡೆದುಹೋಗುತ್ತದೆ. ಆದ್ದರಿಂದ ಚಿತ್ರದಲ್ಲಿ ನೀಲಿ ಬಾಣವನ್ನು ಕೆಂಪಿಗಿಂತ ಮಂಕಾಗಿ ಬರೆದವರೇ ಆಕಾಶ ನೋಡಿದವರು. ಬೆಳ್ಳಿ ಕಿಡಿ ಅಲ್ಯೂಮಿನಿಯಂ, ಟೈಟಾನಿಯಂನಿಂದ. ಬಂಗಾರದ ಕಿಡಿ ಕಬ್ಬಿಣ, ಇದ್ದಿಲಿನಿಂದ.

ಅನಿಮೇಶನ್‌ಗೆ ಇದರಲ್ಲಿ ಮುಖ್ಯವಾದ ಭೇದ ಒಂದಿದೆ. ಬಂಗಾರದ ಕಿಡಿ ಕಾದ ಕಣದ ಬೆಳಕು. ತಣಿದಂತೆ ಬಿಳಿ, ಹಳದಿ, ಕಿತ್ತಳೆ, ಕಡುಕೆಂಪು ಎಂದು ಬಣ್ಣ ಬದಲಿಸುತ್ತದೆ. ಲವಣದ ನಕ್ಷತ್ರ ಹಾಗಲ್ಲ: ಹಸಿರು ಹಸಿರಾಗಿಯೇ ಮಂಕಾಗಿ ಆರುತ್ತದೆ. ಹೂಕುಂಡ, ಸುರುಸುರು ಬತ್ತಿ ಮೊದಲನೆಯ ಜಾತಿ. ಆಕಾಶದ ಬಣ್ಣದ ಗೊಂಚಲು ಎರಡನೆಯದು. ಹಸಿರು ಗೊಂಚಲನ್ನು ಆರುವಾಗ ಕೆಂಪಾಗಿಸಿದ ಉತ್ತರ ಪತ್ರಿಕೆ ಎಷ್ಟೋ.

ಸಾಮಾನ್ಯ ಜ್ಞಾನಕ್ಕೆ: ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ಅರ್ಜುನ್ ಗೋಪಾಲ್ ಪ್ರಕರಣದಲ್ಲಿ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10ರ ಅವಧಿ ಗೊತ್ತುಮಾಡಿ, ಬೇರಿಯಂ ಲವಣವನ್ನು ನಿಷೇಧಿಸಿತು. ಪರಿಸರಸ್ನೇಹಿ ಎನಿಸಿದ ‘ಹಸಿರು ಪಟಾಕಿ’ಗೆ ಹಸಿರು ಬಣ್ಣದ ಲವಣವೇ ನಿಷಿದ್ಧವಾದ ತಮಾಷೆ ಇದು.

ನೀರಿನಲ್ಲಿ

ಕೆಲಗೇರಿಯ ಚಿತ್ರ ಗೆಲ್ಲುವುದೂ ಸೋಲುವುದೂ ಇಲ್ಲಿ. ಬಾಣದ ಲೇಯರ್ ನಕಲು ಮಾಡಿ ತಲೆಕೆಳಗು ತಿರುಗಿಸಿಟ್ಟರೆ ಅದು ಕನ್ನಡಿ, ಕೆರೆಯಲ್ಲ.

• ನೀರು ನೇರ ಮೇಲಿನಿಂದ ಬಿದ್ದ ಬೆಳಕಿನಲ್ಲಿ ಶೇ 2ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಓರೆಯಾದಷ್ಟೂ ಪ್ರತಿಫಲನ ಹೆಚ್ಚು. ಏರಿಯ ಮೇಲೆ ನಿಂತವನಿಗೆ ಆಚೆ ದಂಡೆಯ ಹತ್ತಿರದ ನೀರು ಹೊಳೆಯುತ್ತದೆ, ಕಾಲ ಬುಡದ ನೀರು ಕಪ್ಪಾಗಿಯೇ ಇರುತ್ತದೆ. ಪ್ರತಿಬಿಂಬದ ಲೇಯರಿಗೆ ದೂರದಿಂದ ಹತ್ತಿರಕ್ಕೆ ಇಳಿಯುವ ಮಾಸ್ಕ್ ಹಾಕಿ.
• ಅಲೆಯಿರುವ ನೀರಿನಲ್ಲಿ ಬೆಳಕಿನ ಚುಕ್ಕೆ ಚುಕ್ಕೆಯಾಗಿ ಉಳಿಯದು, ನೋಡುವವನ ಕಡೆಗೆ ಉದ್ದ ಪಟ್ಟಿಯಾಗಿ ಎಳೆದುಕೊಳ್ಳುತ್ತದೆ. ಬ್ಲರ್ ಲಂಬವಾಗಿರಲಿ, ಅಡ್ಡವಾಗಿ ಬೇಡ. ಆ ಪಟ್ಟಿಯನ್ನು ಅಡ್ಡ ಗೆರೆಗಳಲ್ಲಿ ಅಲ್ಲಲ್ಲಿ ಕಡಿದು, ಎರಡು ಫ್ರೇಮಿಗೊಮ್ಮೆ ಕಡಿತದ ಜಾಗ ಬದಲಿಸಿ.
• ಆಕಾಶದಲ್ಲಿ ಕಿಡಿ ಇಳಿಯುವಾಗ ನೀರಿನಲ್ಲಿ ಅದು ಏರುತ್ತದೆ. ಎರಡೂ ದಂಡೆಯ ಕಡೆಗೆ ಸರಿಯುತ್ತವೆ. ಇದನ್ನು ತಪ್ಪಿಸಿದರೆ ಪೂರ್ತಿ ಅಂಕ ಹೋಗುತ್ತದೆ.
• ಅಂತರಗಂಗೆ ಹಬ್ಬಿದಲ್ಲಿ ಪ್ರತಿಬಿಂಬ ಇಲ್ಲ. ಅಲ್ಲಿ ಪಟ್ಟಿಯನ್ನು ಪೂರ್ತಿ ತುಂಡರಿಸಿ, ಎಲೆಗಳ ಅಂಚಿಗೆ 25ನೇ ಫ್ರೇಮಿನ ಮಿಂಚನ್ನು ಒಂದಿಷ್ಟು ತಾಗಿಸಿ. ನೋಡುವವರಿಗೆ ಇದು ಕೆರೆ ಎಂಬ ನಂಬಿಕೆ ಹುಟ್ಟುವುದು ಈ ಕಳೆಯಿಂದ.

ಸದ್ದಿನ ಫ್ರೇಮ್

ಬೆಳಕು ಸೆಕೆಂಡಿಗೆ 3 ಲಕ್ಷ ಕಿ.ಮೀ., ಸದ್ದು ಸುಮಾರು 340 ಮೀಟರ್. ಸ್ಫೋಟ 510 ಮೀಟರ್ ದೂರದಲ್ಲಾದರೆ ಸದ್ದಿಗೆ 1.5 ಸೆಕೆಂಡ್, ಅಂದರೆ 36 ಫ್ರೇಮ್ ತಡ. 25ರಲ್ಲಿ ಮಿಂಚಿದ ಬಾಣ ‘ಢಂ’ ಎನ್ನುವುದು 61ರಲ್ಲಿ, ಕಿಡಿಗಳು ಆಗಲೇ ಇಳಿಯುತ್ತಿರುವಾಗ. ಸಿನಿಮಾದವರು ಎರಡನ್ನೂ ಒಟ್ಟಿಗೇ ಕೂಡಿಸುತ್ತಾರೆ. ಕೆರೆಯ ದಂಡೆಯ ಪ್ರಶ್ನೆಗೆ ತಡವಾದ ಸದ್ದೇ ಸರಿ. ನೀರಿನ ಅಗಲ ಕಿವಿಗೆ ಗೊತ್ತಾಗುವುದು ಅದರಿಂದ.

ಇಸವಿಗಳು

• 1443: ತಿಮೂರಿ ದೊರೆ ಶಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದ, ಮಹಾನವಮಿಯ ಬಾಣಬಿರುಸಿನ ಪ್ರಸ್ತಾಪ ಅವನ ಬರಹದಲ್ಲಿದೆ. ಭಾರತದ ಬಾಣಬಿರುಸಿನ ಚರಿತ್ರೆ ಬರೆದ ಪಿ.ಕೆ. ಗೋಡೆ ಇದನ್ನು ಆಧಾರವಾಗಿ ಎತ್ತಿಕೊಂಡಿದ್ದಾರೆ.
• 1858: ಜಪಾನಿನ ಕಲಾವಿದ ಹಿರೋಶಿಗೆಯ ಮರದಚ್ಚಿನ ಚಿತ್ರ ‘ರ್‍ಯೋಗೊಕು ಬಾಣಬಿರುಸು’. ನದಿ, ಸೇತುವೆ, ಕತ್ತಲೆ, ಒಂದು ಗೊಂಚಲು. ನಮ್ಮ ಮಾದರಿ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಪತ್ರಿಕೆ ಸಿಗದು. ಹಾಳೆಯ ಬಹುಪಾಲು ಕತ್ತಲೆಗೇ ಬಿಟ್ಟಿದ್ದಾನೆ.
• ಸುಮಾರು 1875: ಚಿತ್ರಕಾರ ವಿಸ್ಲರ್‌ನ ‘ನಾಕ್ಟರ್ನ್ ಇನ್ ಬ್ಲ್ಯಾಕ್ ಆ್ಯಂಡ್ ಗೋಲ್ಡ್: ದಿ ಫಾಲಿಂಗ್ ರಾಕೆಟ್’. ವಿಮರ್ಶಕ ಜಾನ್ ರಸ್ಕಿನ್ ಜರೆದದ್ದಕ್ಕೆ ವಿಸ್ಲರ್ 1878ರಲ್ಲಿ ಮಾನನಷ್ಟ ಮೊಕದ್ದಮೆ ಗೆದ್ದ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಪೆನ್ನಿಯ ಕಾಲು ಭಾಗ.
• 1915: ಚಿತ್ರ ನಿರ್ದೇಶಕ ಫಾಲ್ಕೆಯವರ ‘ಅಗಕಾಡ್ಯಾಂಚಿ ಮೌಜ್’, ಬೆಂಕಿಕಡ್ಡಿಗಳನ್ನು ಕುಣಿಸಿದ ಅನಿಮೇಶನ್.
• 1982–83: ಕಿಡಿಗಳ ಗುಂಪನ್ನು ನಿಯಮದಿಂದ ನಡೆಸುವ ಪಾರ್ಟಿಕಲ್ ಸಿಸ್ಟಂ. ‘ಸ್ಟಾರ್ ಟ್ರೆಕ್ 2’ ಚಿತ್ರದ ಬೆಂಕಿಯ ಗೋಡೆಗಾಗಿ ಲ್ಯೂಕಾಸ್‌ಫಿಲ್ಮ್‌ನ ವಿಲಿಯಂ ರೀವ್ಸ್ ರೂಪಿಸಿದ್ದು. ಪ್ರಬಂಧ ಬಂದದ್ದು 1983ರಲ್ಲಿ. ಪ್ರತಿ ಕಣಕ್ಕೂ ಹುಟ್ಟು, ವೇಗ, ಬಣ್ಣ, ಆಯುಸ್ಸು.
• 1984: ಪೋರ್ಟರ್ ಮತ್ತು ಡಫ್ ಅವರ ಚಿತ್ರ ಜೋಡಣೆಯ ಗಣಿತ.
• 1994: ಫೋಟೋಶಾಪ್ 3.0ರಲ್ಲಿ ಲೇಯರ್.
• 2016: ಕ್ರಿಟಾ 3.0ರಲ್ಲಿ ಅನಿಮೇಶನ್, ಅದೇ ವರ್ಷ ಓಪನ್‌ಟೂನ್ಸ್ ಮುಕ್ತವಾಯಿತು, ಘಿಬ್ಲಿ ಸ್ಟುಡಿಯೋ ಬಳಸಿದ ತಂತ್ರಾಂಶದ ಮುಕ್ತ ರೂಪ. ಎರಡೂ ಉಚಿತ.
• 2019: ಐಪ್ಯಾಡಿನ ಪ್ರೊಕ್ರಿಯೇಟ್ 5ರಲ್ಲಿ ಅನಿಮೇಶನ್ ಅಸಿಸ್ಟ್. 2023ರಲ್ಲಿ ಪ್ರೊಕ್ರಿಯೇಟ್ ಡ್ರೀಮ್ಸ್.

ನಾಡಿನ ಸಂಗತಿ ಎರಡು. ಧಾರವಾಡದಲ್ಲಿ ಕಲಾಶಾಲೆ ಕಟ್ಟಿದವರು ಡಿ.ವಿ. ಹಾಲಭಾವಿ, 1935ರಲ್ಲಿ, ಇವತ್ತು ಇಲ್ಲಿ ಟ್ಯಾಬ್ಲೆಟ್ ಹಿಡಿದು ಕೂತವರ ಮೇಷ್ಟ್ರ ಮೇಷ್ಟ್ರು ಅನೇಕರು ಅಲ್ಲಿಂದ ಬಂದವರು. ಅನಿಮೇಶನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. ಈಗಿನದು 2024–29ರ ಅವಧಿಯದು.

ಕಡತ ಒಪ್ಪಿಸುವ ಮುನ್ನ

ಜಿಫ್‌ನಲ್ಲಿ ಒಪ್ಪಿಸಬೇಡಿ. 1987ರ ಆ ಕಡತದಲ್ಲಿ ಒಂದು ಫ್ರೇಮಿಗೆ 256 ಬಣ್ಣ ಮಾತ್ರ. ಮಬ್ಬು ಪ್ರಭೆ ಈರುಳ್ಳಿ ಸುರುಳಿಯಾಗಿ ಒಡೆಯುತ್ತದೆ. ಜೊತೆಗೆ ಅದರ ಕಾಲಮಾನ ಸೆಕೆಂಡಿನ ನೂರನೇ ಪಾಲಿನಲ್ಲಿ, ಹೀಗಾಗಿ ಸರಿಯಾದ 24 ಫ್ರೇಮ್ ಬರುವುದೇ ಇಲ್ಲ, 25 ಬರುತ್ತದೆ. ಎಂಪಿ4 ಇರಲಿ, ಮೂಲ ಪಿಎನ್‌ಜಿ ಸಾಲು ಪಕ್ಕದಲ್ಲಿರಲಿ.

ಮಿಂಚಿನ ಮಿತಿ: ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಇಡೀ ಪರದೆ ಮಿನುಗಬಾರದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ‘ಪೊಕೆಮಾನ್’ನ ಒಂದು ಕಂತಿನ ಕೆಂಪು-ನೀಲಿ ಮಿನುಗು ನೋಡಿ ಸುಮಾರು 685 ಮಂದಿ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದರು. ನಮ್ಮ ಬಾಣಕ್ಕೆ ಇರುವುದು 25ನೇ ಫ್ರೇಮಿನ ಒಂದೇ ಮಿಂಚು. ಚೆಂದ ಕಂಡಿತೆಂದು ಅದನ್ನೇ ನಕಲು ಮಾಡಿ ನಾಲ್ಕು ಕಡೆ ಅಂಟಿಸಲು ಕೈ ಕಡಿಯುತ್ತದೆ, ಅಂಟಿಸಬೇಡಿ.

ಹೊಗೆಗೆ ಆ್ಯಡ್ ಹಾಕಿದವರು ಬಹಳ. ಹೊಗೆ ಬೆಳಕು ಕೊಡುವುದಿಲ್ಲ. ನಾರ್ಮಲ್ ಮೋಡ್, ಶೇ 10ರ ಒಪ್ಯಾಸಿಟಿ, ಗಾಳಿ ಬೀಸುವ ಕಡೆಗೆ ನಾಲ್ಕು ಫ್ರೇಮಿಗೊಂದು ಪಿಕ್ಸೆಲ್ ಸರಿತ ಸಾಕು. 120ನೇ ಫ್ರೇಮಿನಲ್ಲಿ ಬಾಣದ ಲೇಯರ್ ಖಾಲಿ, ಆಕಾಶದಲ್ಲಿ ಆ ಹೊಗೆ, ಆಚೆ ದಂಡೆಯಲ್ಲಿ ಮೊದಲಿನಿಂದಲೂ ಉರಿಯುತ್ತಿದ್ದ ಒಂದೆರಡು ಮನೆದೀಪ, ನೀರಿನಲ್ಲಿ ಅವುಗಳ ಕಡಿದ ಪಟ್ಟಿ.